ಮೊದಲೇ ಓದಿದವರು

ಈ ಸಲವೂ ಯಾರೋ ಮೊದಲೇ ಓದಿಬಿಟ್ಟಿದ್ದರು.

“ಕಳ್ಳಿ!” ವುಕಾಶಿನ್ ಸಾಹೇಬರು ಮೇಜು ಗುದ್ದಿದರು. “ನನ್ನ ಉಪ್ಪು ತಿಂದು ಆ ಕಾರ್ಯದರ್ಶಿ ನನ್ನ ಗುಟ್ಟೇ ಮಾರ್ತಾ ಇದ್ದಾಳೆ!”

ಎದುರಿಗೆ ನಿಂತಿದ್ದ ಇಸಿದೋರಾ ತಲೆ ತಗ್ಗಿಸಿದಳು. ಲೆಸ್ಕೊವಾಟ್ಸ್ ಊರಾಚೆಯ ಆ ಅಜ್ವಾರ್ ಕಾರ್ಖಾನೆಯಲ್ಲಿ ಕೆಂಪು ದೊಣ್ಣೆಮೆಣಸಿನಕಾಯಿ ಸುಟ್ಟು, ಅರೆದು, ಸೀಸೆಗೆ ತುಂಬುತ್ತಿದ್ದರು. ಅಲ್ಲಿನ ಕಂಪ್ಯೂಟರುಗಳೆಲ್ಲ ಅವಳ ಜವಾಬ್ದಾರಿ. ವಿಯೆನ್ನಾದ ದೊಡ್ಡ ಅಂಗಡಿಯೊಂದರ ಜೊತೆ ಒಪ್ಪಂದದ ಮಾತು ನಡೆದಿತ್ತು. ಅಂಥ ಮಾತು ಮೇಲ್‌ನಲ್ಲಿ ಬಿದ್ದಿರಬಾರದು, ಹೊರಗಿನ ಕಂಪನಿಗಳ ಕೈಗೂ ಹೋಗಬಾರದು ಎಂದು ಅವಳು ನೆಲಮಾಳಿಗೆಯಲ್ಲೇ ಒಂದು ಸರ್ವರ್ ಕೂರಿಸಿದ್ದಳು. ಬೆಲ್‌ಗ್ರೇಡಿನ ವಕೀಲರು ಅದರಲ್ಲಿ ಗುಟ್ಟು ಬರೆದರೆ ಒಂದು ಲಿಂಕ್ ಹುಟ್ಟಿ ಸಾಹೇಬರ ಮೇಲ್‌ಗೆ ಬರುತ್ತದೆ. ಮೊದಲು ತೆರೆದವರಿಗೆ ಗುಟ್ಟು ಕಾಣುತ್ತದೆ, ಸರ್ವರಿನಿಂದ ಆ ಕ್ಷಣವೇ ಅಳಿಸಿಹೋಗುತ್ತದೆ. ಆಮೇಲೆ ತೆರೆದವರಿಗೆ ಸಿಗುವುದು ಒಂದೇ ಸಾಲು: ‘ಇದನ್ನು ಈಗಾಗಲೇ ಓದಲಾಗಿದೆ.’

ವಸಂತದಿಂದಲೂ ಸಾಹೇಬರಿಗೆ ಸಿಗುತ್ತಿದ್ದುದು ಆ ಸಾಲೇ.

ಲಿಂಕ್ ತೆರೆಯುವಾಗ ಕೋಣೆಯಲ್ಲಿ ಇನ್ನೊಬ್ಬರು ಇರಕೂಡದು. ಇದು ಇಸಿದೋರಾಳೇ ಮಾಡಿದ ನಿಯಮ. ಸಾಹೇಬರಿಗೆ ಅದು ಎಷ್ಟು ಹಿಡಿಸಿತೆಂದರೆ, ಮೇಲ್ ಬಂದ ಸದ್ದಾದರೆ ಸಾಕು, ಎದುರಿಗಿದ್ದವರನ್ನು ಕೋಳಿ ಓಡಿಸಿದಂತೆ ಓಡಿಸಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಕಿಟಕಿಯಂತೂ ತೆಗೆಯುತ್ತಲೇ ಇರಲಿಲ್ಲ. ಗಾಳಿ ಹೊಡೆದು ಕತ್ತು ಹಿಡಿದುಕೊಂಡರೆ? ಸ್ವಲ್ಪ ಹೊತ್ತಿಗೆ ಒಳಗಿನಿಂದ ಆರ್ಭಟ ಕೇಳಿಸುತ್ತಿತ್ತು.

“ಯಾವ ಕಂಪ್ಯೂಟರಲ್ಲಿ ತೆರೆದಿದ್ದಾರೆ? ಹೇಳು.”

“ನಿಮ್ಮದರಲ್ಲೇ, ಸಾಹೇಬ್ರೇ.”

“ನಿನ್ನ ಸರ್ವರ್ ಸುಳ್ಳು ಹೇಳುತ್ತಾ?”

“ಇಲ್ಲ.”

“ನಾನು ಸುಳ್ಳು ಹೇಳ್ತೀನಾ?”

ಸಾಹೇಬರು ಬಾಗಿಲ ಕಡೆ ಬೆರಳು ತೋರಿಸಿದರು.

“ಮತ್ತೆ ಉಳಿದವಳು ಯಾರು? ಈ ಕೋಣೆಯ ಇನ್ನೊಂದು ಕೀಲಿ ಯಾರ ಹತ್ರ ಇದೆ?”

ಕೀಲಿ ಇದ್ದದ್ದು ಕಾರ್ಯದರ್ಶಿ ನೆವೆನ್ಕಾಳ ಹತ್ತಿರ. ಸಾಲದ್ದಕ್ಕೆ ಅವಳ ತಂಗಿಯ ಮಗ ಎದುರಾಳಿ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಒಮ್ಮೆ ಕಂಪ್ಯೂಟರ್ ಪರೀಕ್ಷಿಸುತ್ತೇನೆಂದು ಇಸಿದೋರಾ ಅಂಗಲಾಚಿದರೂ ಸಾಹೇಬರು ಬಿಡಲಿಲ್ಲ. “ಸಾಕ್ಷಿ ಅದು! ನಾನೇ ಒಂದು ಪುಟಾನೂ ಮುಚ್ಚಿಲ್ಲ, ನೀನು ಮುಟ್ಟೋದಾ?”

ಹೊರಗೆ ನೆವೆನ್ಕಾ ಕಾಫಿ ಕಾಯಿಸುತ್ತಿದ್ದಳು. ಅದು ಉಕ್ಕಿ ಒಲೆಯ ಮೇಲೆ ಚೆಲ್ಲಿತು.

“ನೆವೆನ್ಕಾ ಆಂಟಿ, ನನ್ನ ಹತ್ರ ನಿಜ ಹೇಳಿ,” ಎಂದಳು ಇಸಿದೋರಾ.

“ಅಯ್ಯೋ ಮಗಾ, ಅವರ ಗುಟ್ಟು ತಿಳ್ಕೊಳ್ಳೋಕೆ ನಂಗೆ ನಿನ್ನ ಲಿಂಕ್ ಯಾಕೆ ಬೇಕು? ಅವರು ಫೋನಲ್ಲಿ ಮಾತಾಡಿದ್ರೆ ಬಸ್ ಸ್ಟ್ಯಾಂಡಿಗೇ ಕೇಳ್ಸುತ್ತೆ.” ನಗಲು ನೋಡಿದಳು, ಆಗಲಿಲ್ಲ. “ಇನ್ನು ಪಿಂಚಣಿಗೆ ಎಷ್ಟು ದಿನ ಅಂತ. ಕೆಲಸ ಹೋದ್ರೆ ಹೋಗ್ಲಿ. ಕಳ್ಳಿ ಅಂತ ಆಚೆ ಹಾಕಿದ್ರೆ ಈ ಊರಲ್ಲಿ ಯಾರು ನನ್ನನ್ನ ಮನೆಗೆ ಕರೀತಾರೆ ಹೇಳು?”

ನೆವೆನ್ಕಾಳನ್ನು ಸಿಕ್ಕಿಹಾಕಿಸಿದ್ದು ಇಸಿದೋರಾ ಕೂರಿಸಿದ ಸರ್ವರೇ. ಅವಳು ಮತ್ತೆ ಸಾಹೇಬರ ಬಾಗಿಲು ತಟ್ಟಿದಳು.

“ಸಾಹೇಬ್ರೇ, ನೆವೆನ್ಕಾ ಅವರನ್ನ ಓಡಿಸೋ ಮುಂಚೆ ಒಂದು ಸಲ ಅವರ ಎದುರಿಗೇ ಲಿಂಕ್ ತೆರೆದುಬಿಡಿ.”

“ಎದುರಿಗೆ ತಾನೇ? ಮುಖದ ಮೇಲೇ ಹೊಡೆದ ಹಾಗೆ ತೋರಿಸ್ತೀನಿ! ಕರೀ ಅವಳನ್ನ!”

ವಕೀಲರಿಗೆ ಫೋನ್ ಹೋಯಿತು. ಹೊಸ ಲಿಂಕ್ ಕಳಿಸಿದರು. ನೆವೆನ್ಕಾ ಗೋಡೆಗೆ ಒರಗಿ ನಿಂತಳು. ಇಸಿದೋರಾ ಕುರ್ಚಿಯ ಹಿಂದೆ ಬಂದಳು. ಸಾಹೇಬರು ಲಿಂಕ್ ತೆರೆಯುವುದನ್ನು ಇನ್ನೊಬ್ಬರು ನೋಡುತ್ತಿದ್ದುದು ಅದೇ ಮೊದಲು.

“ನೋಡ್ಕೊಳ್ಳಿ. ಈಗ ಬಂದದ್ದು. ಇನ್ನೂ ಬಿಸಿಬಿಸಿ ಇದೆ.”

ಸಾಹೇಬರು ಬೆನ್ನು ನೆಟ್ಟಗೆ ಮಾಡಿಕೊಂಡರು. ಹರೆಯದಲ್ಲಿ ಕಂಪ್ಯೂಟರ್ ತರಗತಿಯಲ್ಲಿ ಕಲಿಸಿದ್ದನ್ನು ಒಂದಿಷ್ಟೂ ಮರೆಯದೆ, ಗಂಭೀರವಾಗಿ, ಲಿಂಕಿನ ಮೇಲೆ ಟಕಟಕ ಎಂದು ಎರಡು ಸಲ ಒತ್ತಿದರು.

ಒಂದು ಪುಟ ತೆರೆಯಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಅದರ ಮೇಲೆ ಇನ್ನೊಂದು ಬಂದು ಕೂತಿತು: ‘ಇದನ್ನು ಈಗಾಗಲೇ ಓದಲಾಗಿದೆ.’

“ಕಂಡ್ರಾ?” ಸಾಹೇಬರು ಗುಡುಗಿದರು. “ಕಳ್ಳ ಈ ಕೋಣೆಯಲ್ಲೇ ಇದ್ದಾನೆ!”

“ಇದ್ದಾರೆ,” ಎಂದಳು ಇಸಿದೋರಾ. ಭುಜದ ಮೇಲಿಂದ ಕೈ ಚಾಚಿ, ಎರಡನೇ ಒತ್ತಿಗೆ ಬಂದ ಮೇಲಿನ ಪುಟ ಮುಚ್ಚಿದಳು. ಅದರ ಅಡಿಯಲ್ಲಿ ಮೊದಲ ಒತ್ತಿಗೇ ತೆರೆದುಕೊಂಡ ಗುಟ್ಟಿತ್ತು. ಅವಳು ಪುಟಗಳನ್ನು ಒಂದೊಂದಾಗಿ ಸರಿಸುತ್ತ ಹೋದಂತೆ ಹೋದ ವಾರದ್ದು, ಬೇಸಿಗೆಯದ್ದು, ವಸಂತದ್ದು, ಕಳುವಾದ ಗುಟ್ಟುಗಳೆಲ್ಲ ಒಂದೂ ಕಾಣೆಯಾಗದೆ ಸಾಹೇಬರ ಕಂಪ್ಯೂಟರಿನಲ್ಲೇ ಬಾಯಿ ತೆರೆದು ಕೂತಿದ್ದವು.

ನೆವೆನ್ಕಾ ಕನ್ನಡಕ ಏರಿಸಿಕೊಂಡು ಹತ್ತಿರ ಬಂದು, ಅವನ್ನು ಅಂದೇ ಮೊದಲ ಸಲ, ಗಟ್ಟಿಯಾಗಿ ಓದತೊಡಗಿದಳು.