ಏಳನೇ ಹೋಲಿನ ಕಾಡುರಾಗಿ

ಗಾಲ್ಫ್ ಮೈದಾನದಲ್ಲಿ ದುಡಿದು ಸತ್ತವರು ಅಲ್ಲೇ ಕಳೆಯಾಗಿ ಹುಟ್ಟುತ್ತಿದ್ದರು. ತೆನೆ ಬಿಟ್ಟ ಮೇಲೆ, ಬದುಕಿದ್ದಾಗ ಆಡುತ್ತಿದ್ದ ಮಾತನ್ನೇ ಆಡುತ್ತಿದ್ದರು. ಆಟಗಾರರಿಗೆ ಅದು ಕಿರಿಕಿರಿ. ಹಾಗಾಗಿ ಪ್ರತಿ ಸೋಮವಾರ ಕೆಂಪರಾಜು, ಮೈದಾನದ ಗರಿಕೆ ಹುಲ್ಲಿಗೆ ಏನೂ ಆಗದೆ ಕಳೆ ಮಾತ್ರ ಸಾಯುವ ಔಷಧಿ ಹೊಡೆಯುತ್ತಿದ್ದ. ಹೊಡೆದ ಜಾಗ ಗೊತ್ತಾಗಲೆಂದು ಅದಕ್ಕೆ ನೀಲಿ ಬಣ್ಣ ಬೆರೆಸುತ್ತಿದ್ದ.

ಏಳನೇ ಹೋಲಿನ ಪಕ್ಕದ ಕಾಡುರಾಗಿ ಕಳೆಗೆ ಮಾತ್ರ ಮೂರು ವಾರದಿಂದ ಬಾಟಲಿಯಲ್ಲಿ ಬರೀ ಬಣ್ಣದ ನೀರು ತಂದು ಚಿಮುಕಿಸುತ್ತಿದ್ದ. ಅದು ಅವನ ಹೆಂಡತಿ ಜವನಮ್ಮ, ಇಪ್ಪತ್ತು ವರ್ಷ ಇಲ್ಲಿ ಕುಕ್ಕರಗಾಲಿನಲ್ಲಿ ಕೂತು ಕಳೆ ಕಿತ್ತವಳು.

"ಇದಕ್ಕೂ ಹೊಡೆದಾಯ್ತಾ?" ಎಂದ ಮೇಸ್ತ್ರಿ ಬೋಪಯ್ಯ.

"ಆಯ್ತು ಸಾರ್."

ನೀಲಿ ಎಲೆ ನೋಡಿ ಮೇಸ್ತ್ರಿ ಮುಂದೆ ಹೋದ. ಅವತ್ತು ಕಾಡುರಾಗಿ ತೆನೆ ಬಿಟ್ಟಿತ್ತು. ಕೆಂಪರಾಜು ಮಂಡಿಯೂರಿ ಕಿವಿ ಕೊಟ್ಟ.

"ಇಲ್ಲೊಂದು ಕಳೆ ಹಂಗೇ ಬುಟ್ಟವ್ರಲ್ಲ," ಎಂದಳು ಜವನಮ್ಮ, ಕೆಲಸ ಕೆಟ್ಟಾಗಿನ ಅದೇ ಬೇಸರದಲ್ಲಿ. "ನೋಡ್ದೋರು ನನ್ನ ಏನಂದಾರು?"

ಕೆಂಪರಾಜು ಎದ್ದು ಔಷಧಿಯ ಪಂಪನ್ನು ಬೆನ್ನಿಗೇರಿಸಿದ. ನೀಲಿಯ ಮೇಲೆ ನೀಲಿ ಬಿದ್ದದ್ದರಿಂದ ನೋಡುವವರಿಗೆ ಯಾವ ವ್ಯತ್ಯಾಸವೂ ಕಾಣಲಿಲ್ಲ.