ಹನ್ನೊಂದನೆಯ ಜಾಗ

ಪಂದ್ಯಕ್ಕೆ ಸಿದ್ಧನಾಗುತ್ತ ವಿಲ್ಫ್ ಬೂಟಿಗೆ ಎಣ್ಣೆ ಉಜ್ಜುತ್ತಿದ್ದ. ಎರಡನೇ ಮಹಾಯುದ್ಧ ಶುರುವಾಗುವ ಮುಂಚೆ ಅವನು ಇಂಗ್ಲೆಂಡಿನ ಒಂದು ಊರಿನ ಫುಟ್‌ಬಾಲ್ ತಂಡದ ಹತ್ತು ಜಾಗಗಳಲ್ಲೂ ಆಡಿದ್ದ. ಗೋಲಿನ ಮುಂದೆ ಮಾತ್ರ ನಿಂತಿರಲಿಲ್ಲ. ಅಲ್ಲಿ ಯಾವಾಗಲೂ ಗೆಳೆಯ ಪರ್ಸಿ ಇರುತ್ತಿದ್ದ. ಗುರುವಾರ ರಾತ್ರಿ, ಇಬ್ಬರೂ ಕೆಲಸ ಮಾಡುತ್ತಿದ್ದ ಕಾರ್ಖಾನೆಗೆ ಬಾಂಬು ಬಿದ್ದು ಪರ್ಸಿ ಸತ್ತಿದ್ದ.

ತರಬೇತುದಾರ ಪರ್ಸಿಯ ಹಸಿರು ಜೆರ್ಸಿಯನ್ನು ತಂದು ವಿಲ್ಫ್‌ನ ತೊಡೆಯ ಮೇಲಿಟ್ಟ. “ಇವತ್ತು ಗೋಲು ನೀನೇ ಕಾಯಬೇಕು ಕಣಯ್ಯ.”

“ಬೇರೆ ಯಾರೂ ಇಲ್ವಾ, ಸರ್?”

“ಅರ್ಧ ತಂಡ ಸೈನ್ಯದಲ್ಲಿದೆ. ಯಾರ ಜಾಗಕ್ಕೆ ಕರೆದರೂ ನೀನು ಇಲ್ಲ ಅಂದವನಲ್ಲ.”

“ಕರೀದಿದ್ರೂ ಬರ್ತಾನೆ,” ಎಂದು ಪಕ್ಕದವನು ನಗಿಸಲು ನೋಡಿದ.

ವಿಲ್ಫ್ ಜೆರ್ಸಿಯನ್ನು ಮಡಚಿ ತರಬೇತುದಾರನತ್ತ ಚಾಚಿದ.

“ಗುರುವಾರ ಕಾರ್ಖಾನೆಯ ರಾತ್ರಿ ಕಾವಲು ನನ್ನದಿತ್ತು, ಸರ್. ಡಾನ್ಸಿಗೆ ಹೋಗ್ಬೇಕು ಅಂತ ನನ್ನ ಬದಲು ಪರ್ಸಿಯನ್ನ ನಿಲ್ಲಿಸಿದ್ದೆ. ಈ ಜಾಗ ಒಂದನ್ನ ಬಿಟ್ಟು ಎಲ್ಲಾದ್ರೂ ಹಾಕಿ.”