ಮಾವನಿಗೊಂದು ಡ್ರಾಪ್‌ಡೌನ್

ಮಾವ ಎಡಗೈಯಲ್ಲಿ ಮೌಸ್ ಹಿಡಿದು, ಬಾಣದ ಗುರುತು ಒತ್ತಿ, ಇಳಿದುಬಂದ ಪಟ್ಟಿಯನ್ನು ಮೇಲಿಂದ ಕೆಳಗೆ ಓದಿದರು. ನೀರು ಬೇಕು. ಔಷಧಿ ಬೇಕು. ಬಾತ್‌ರೂಮಿಗೆ ಹೋಗಬೇಕು. ನೋಯುತ್ತಿದೆ. ಮಲಗುತ್ತೇನೆ. ಓದಿ ಮುಗಿಸಿ ‘ರದ್ದು’ ಒತ್ತಿದರು. ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡರು.

ಸೊಸೆಗೆ ಪೆಚ್ಚಾಯಿತು. ಪಾರ್ಶ್ವವಾಯು ಅವರ ಬಲಗೈಯನ್ನೂ ಮಾತನ್ನೂ ಕಸಿದುಕೊಂಡಿತ್ತು. ಬುದ್ಧಿ, ಕಣ್ಣು, ಎಡಗೈ ಹಾಗೇ ಇದ್ದವು. ಸ್ಲೇಟು ಕೊಟ್ಟರೆ ಮುಟ್ಟುತ್ತಿರಲಿಲ್ಲ. ಜೀವನವಿಡೀ ಅಂಗಡಿಗಳ ಬೋರ್ಡು ಬರೆದ ಮನುಷ್ಯ; ಎಡಗೈಯಲ್ಲಿ ಸೊಟ್ಟಸೊಟ್ಟ ಬರೆಯುವುದಕ್ಕಿಂತ ಸುಮ್ಮನಿರುವುದೇ ಮೇಲೆಂದು ತೀರ್ಮಾನಿಸಿದಂತಿತ್ತು. ಹೀಗೇ ಬಿಟ್ಟರೆ ಒಳಗೊಳಗೇ ಮುದುಡಿಹೋಗುತ್ತಾರೆ, ಹೇಗಾದರೂ ಮಾತಿಗೆಳೆಯಿರಿ ಎಂದಿದ್ದರು ಡಾಕ್ಟರು. ಅದಕ್ಕೇ ಅವಳು ಆಫೀಸಿನ ಬಿಲ್ಲುಗಳಿಗೆ ಬರೆಯುವಂಥದೇ ಒಂದು ಸ್ಕ್ರಿಪ್ಟನ್ನು, ಪುಟ್ಟ ಪ್ರೋಗ್ರಾಮನ್ನು, ಮನೆಯ ಲ್ಯಾಪ್‌ಟಾಪಿಗೂ ಬರೆದಿದ್ದಳು. ಪುಟ್ಟದೊಂದು ಡೈಲಾಗ್ ಬಾಕ್ಸ್, ಅದರೊಳಗೊಂದು ಡ್ರಾಪ್‌ಡೌನ್, ಬಾಣ ಒತ್ತಿದರೆ ಇಳಿದುಬರುವ ಪಟ್ಟಿ. ಬೇಕಾದ ಮಾತು ಆರಿಸಿ ‘ಸರಿ’ ಒತ್ತಿದರೆ ಅದು ದಪ್ಪಕ್ಷರದಲ್ಲಿ ಪರದೆಯ ತುಂಬ ಮೂಡುತ್ತದೆ.

ಲ್ಯಾಪ್‌ಟಾಪ್ ಎತ್ತಿಕೊಂಡು ಅಡುಗೆಮನೆಗೆ ಬಂದಳು. “ಮಾವನಿಗೆ ಇದು ಹಿಡಿಸಲೇ ಇಲ್ಲ ಅತ್ತೆ.”

ಅತ್ತೆ ಪಾತ್ರೆ ಒರೆಸುತ್ತಿದ್ದರು. “ಏನೇನು ಹಾಕಿದ್ದೆ ಅದರಲ್ಲಿ?”

ಸೊಸೆ ಓದಿ ಹೇಳಿದಳು.

“ಅಯ್ಯೋ ಮಗಳೇ, ಅದು ಆಸ್ಪತ್ರೆ ಮಾತಾಯ್ತು. ಇವರು ಯಾವತ್ತು ನೀರು ಬೇಕು ಅಂದಿದ್ದಾರೆ? ‘ಈ ಮನೇಲಿ ನೀರು ಸಿಗುತ್ತೋ, ಬಾವಿ ತೋಡ್ಕೊಳ್ಳಲೋ’ ಅನ್ನೋರು.”

“ನಾನು ಒಂದು ದಿನಾನೂ ಕೇಳಿಲ್ವಲ್ಲ.”

“ನಿನ್ನ ಮುಂದೆ ಬಹಳ ಮರ್ಯಾದಸ್ಥರು. ನೀನು ಆಫೀಸಿಗೆ ಹೊರಟ ಮೇಲೆ ಶುರುವಾಗೋದು.”

ಸೊಸೆ ಅಲ್ಲೇ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟಳು. “ಹಾಗಾದ್ರೆ ನೀವೇ ಹೇಳಿ. ಈ ಪೆಟ್ಟಿಗೆ ತಾನಾಗಿ ಖಾಲಿ ಅತ್ತೆ. ತೆರೆಯೋವಾಗ ನಾವೇನು ತುಂಬ್ತೀವೋ ಅಷ್ಟೇ ಅವರಿಗೆ ಸಿಗೋದು.”

ಅತ್ತೆ ಒರೆಸುವ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡರು. “ಬರಿ. ‘ಇದು ಕಾಫಿನೋ, ಪಾತ್ರೆ ತೊಳೆದ ನೀರೋ?’ ಬರೆದ್ಯಾ? ‘ನನ್ನ ಕನ್ನಡಕಕ್ಕೇನು ಕಾಲು ಬಂತಾ?’ ಆಮೇಲೆ, ‘ಬಾಗಿಲಿಗೂ ಜೀವ ಇದೆ ಕಣೇ, ಮೆಲ್ಲಗೆ ಹಾಕು.’ ಬೇರೆಯವರು ಬರೆದ ಬೋರ್ಡು ಕಂಡರೆ ‘ಈ ಅಕ್ಷರಕ್ಕೆ ಸೊಂಟವೇ ಇಲ್ಲ’ ಅನ್ನೋರು, ಅದೂ ಇರಲಿ.” ಹೇಳುತ್ತ ಹೇಳುತ್ತ ಅತ್ತೆಗೆ ನಗು ತಡೆಯಲಾಗಲಿಲ್ಲ. ಬಟ್ಟೆಯ ತುದಿಯಿಂದ ಕಣ್ಣು ಒರೆಸಿಕೊಂಡರು.

ಮತ್ತೆ ಮುಂದಿಟ್ಟಾಗ ಮಾವ ಬೇಡವೆನ್ನುವಂತೆ ಕೈಯಾಡಿಸಿದರು. ಸೊಸೆ ತಾನೇ ಬಾಣ ಒತ್ತಿದಳು. ಅವರ ಕಣ್ಣು ಮೊದಲ ಸಾಲಿನಲ್ಲಿ ನಿಂತಿತು, ಎರಡನೆಯದಕ್ಕಿಳಿಯಿತು. ಹೆಗಲು ಕುಲುಕತೊಡಗಿತು. ಮೌಸ್ ಕಸಿದುಕೊಂಡು, ಪಟ್ಟಿಯ ತುದಿಯವರೆಗೂ ಹೋಗಿ ಒಂದನ್ನು ಆರಿಸಿದರು. ‘ಈ ಅಕ್ಷರಕ್ಕೆ ಸೊಂಟವೇ ಇಲ್ಲ’ ಎಂದು ಕಂಪ್ಯೂಟರಿನ ಅಕ್ಷರಗಳು ಪರದೆ ತುಂಬಿದವು. ಮಾವ ಆ ಅಕ್ಷರಗಳನ್ನೇ ಬೆರಳು ಮಾಡಿ ತೋರಿಸಿದರು.

ಎರಡನೆಯ ಸಲ ತೆರೆದಾಗ ಒಂದೊಂದು ಮಾತೂ ಎರಡೆರಡು ಬಾರಿ ಇತ್ತು. “ಛೆ, ಪ್ರತಿ ಸಲ ತೆರೆದಾಗ ಹಳೇದನ್ನ ಅಳಿಸಿ ತುಂಬು ಅಂತ ಬರೆಯೋದೇ ಮರೆತಿದ್ದೀನಿ,” ಎಂದಳು ಸೊಸೆ. “ಈಗಲೇ ಸರಿ ಮಾಡ್ತೀನಿ.”

“ಇರಲಿ ಬಿಡು,” ಎಂದರು ಅತ್ತೆ. “ಇವರು ಯಾವ ಮಾತನ್ನ ಒಂದೇ ಸಲಕ್ಕೆ ನಿಲ್ಲಿಸಿದ್ದಾರೆ?”

ಆಫೀಸಿನಿಂದ ಫೋನ್ ಬಂತು. ಅವಳು ಹೊರಗಿನ ಕೋಣೆಗೆ ಹೋಗಿ ಮಾತು ಮುಗಿಸುವಷ್ಟರಲ್ಲಿ ಅತ್ತೆ ಒಳಗೆ ಕಾಫಿ ಒಯ್ದಿದ್ದರು. ಕಾಯಿಲೆ ಬಿದ್ದಾಗಿನಿಂದ ಅವರು ಗಂಡನೊಂದಿಗೆ ಮಗುವನ್ನು ರಮಿಸುವಂತೆ ಮೆಲ್ಲಗೆ ಮಾತಾಡುತ್ತಿದ್ದರು. ಈಗಲೂ “ಸ್ವಲ್ಪ ಕುಡೀತೀರಾ, ಬಿಸಿ ಇದೆ” ಎಂದದ್ದು ಕೇಳಿಸಿತು. ಆಮೇಲೊಂದು ಕ್ಲಿಕ್.

“ಪಾತ್ರೆ ತೊಳೆದ ನೀರಾ? ಕೈ ಸುಟ್ಕೊಂಡು ಮಾಡ್ಕೊಂಡು ಬಂದಿದ್ದೀನಿ, ಹಾಗನ್ನೋಕೆ ಬಾಯಾದ್ರೂ ಹೇಗೆ ಬರುತ್ತೆ ನಿಮಗೆ?”

ಕ್ಲಿಕ್.

“ಕನ್ನಡಕ ಮೂಗಿನ ಮೇಲೇ ಇದೆ. ಬೇಕಂತಲೇ ಕೇಳ್ತೀರಿ.”

ಕ್ಲಿಕ್.

“ಅದನ್ನ ಈಗಷ್ಟೇ ಹೇಳಿದ್ರಿ.” ಅತ್ತೆಯ ದನಿ ಏರುತ್ತಿತ್ತು. “ನನ್ನ ಮಾತು ಯಾವತ್ತು ಕಿವಿ ಮೇಲೆ ಹಾಕ್ಕೊಂಡಿದ್ದೀರಿ ನೀವು? ತಲೆ ಸುತ್ತುತ್ತೆ ಅಂದ ದಿನ, ಬೋರ್ಡು ನಾಳೆ ಬರೀಬಹುದು, ಡಾಕ್ಟರ ಹತ್ತಿರ ಹೋಗೋಣ ಬನ್ನಿ ಅಂತ ಬಡ್ಕೊಂಡೆ. ಕೇಳಿದ್ರಾ? ಹೇಳಿ, ಕೇಳಿದ್ರಾ?”

ಕ್ಲಿಕ್ ಬರಲಿಲ್ಲ. ಮೌಸಿನ ಚಕ್ರ ಮಾತ್ರ ಕಿರುಗುಟ್ಟುತ್ತ ಮೇಲೆ ಹೋಯಿತು, ಕೆಳಗೆ ಬಂತು, ಮತ್ತೆ ಮೇಲೆ ಹೋಯಿತು.

ಸೊಸೆ ಏಳಬೇಕೆನ್ನುವಾಗ ಅತ್ತೆಯೇ ತೆರೆದ ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ ಹಿಡಿದು ಹೊರಗೆ ಬಂದರು. ಮುಖ ಕೆಂಪಗಾಗಿತ್ತು. ಮೂಗು ಸೋರುತ್ತಿತ್ತು.

“ಏನಾಯ್ತು ಅತ್ತೆ?”

“ನಾನು ಕೇಳಿದ್ದಕ್ಕೆ ಅವರಿಗೆ ಉತ್ತರ ಸಿಗ್ತಿಲ್ಲ. ಹುಡುಕಿ ಹುಡುಕಿ ಸೋತರು, ಪಾಪ.” ಒಳಗೆ ಮಾವ ಮೇಜು ಕುಟ್ಟುತ್ತಿದ್ದರು. ಅತ್ತೆ ಕುರ್ಚಿ ಎಳೆದುಕೊಂಡು ಸೊಸೆಯ ಪಕ್ಕ ಒತ್ತಿ ಕೂತರು. “ಬೇಗ ನಾಲ್ಕು ಜೋರಾದ್ದು ತುಂಬು. ನನ್ನ ತವರಿನವರನ್ನ ಬೈಯೋದ್ರಿಂದಲೇ ಶುರು ಮಾಡು.”